ಆಚೆ ದಡದ ಮುಸುವ

ಹಳ್ಳದ ಅಂಚಿನ ಬೋಳು ಮುತ್ತುಗದ ಮರದಲ್ಲಿ ಒಂದು ಮುದಿ ಅಳಿಲು ಒಂಟಿಯಾಗಿ ವಾಸಿಸುತ್ತಿತ್ತು. ಅದು ಹಸಿದು ಸಾಯುತ್ತಿದ್ದಾಗ ತಿರುಗಿಯೂ ನೋಡದಿದ್ದ ಹಲಸಿನ ತೋಪಿನ ಮುಸುವ ಕೋತಿ, ಆಚೆ ದಡಕ್ಕೆ ಇನ್ನೊಂದು ಮುಸುವ ಬಂದು ಕೂತದ್ದೇ ತಡ, ಕರುಣೆಯ ಕಡಲಾಗಿಬಿಟ್ಟಿತು! ದಿನಾ ಬೆಳಗ್ಗೆ ನಾಲ್ಕು ತೊಳೆ ಹಲಸಿನ ಹಣ್ಣು ತಂದಿಡುವುದೇನು, "ಅಕ್ಕಾ, ಊಟವಾಯಿತೇ?" ಎಂದು ತೋಪಿಗೆಲ್ಲ ಕೇಳುವಂತೆ ಕೂಗುವುದೇನು!

"ನಿನ್ನ ಋಣ ಹೇಗೆ ತೀರಿಸಲಪ್ಪಾ?" ಎಂದಿತು ಅಳಿಲು.

"ಛೆ ಛೆ, ಋಣವೆಂಥದು! ಆಚೆಯವನು ಹಳ್ಳಕ್ಕೆ ಇಳಿದರೆ ಒಂದು ಕೂಗು ಹಾಕು, ಸಾಕು. ಮತ್ತೆ, ಅವನ ಮರದಲ್ಲಿ ಗೂಡು ಕಟ್ಟಿರುವ ಆ ಪಿಕಳಾರದ ಜೊತೆ ಮಾತು ಬಿಡು."

ಪಿಕಳಾರ ಹಕ್ಕಿ ಅಳಿಲಿಗಿದ್ದ ಒಬ್ಬಳೇ ಗೆಳತಿ, ದಿನಾ ಹಾರಿಬಂದು ಸುದ್ದಿ ಹೇಳುವವಳು. ಮರುದಿನ ಬಂದವಳನ್ನು ಅಳಿಲು, "ನಿನ್ನ ಮುಖ ಇತ್ತ ತೋರಿಸಬೇಡ" ಎಂದು ಬೈದು ಅಟ್ಟಿತು. ಬಾಯಿ ತುಂಬ ಹಲಸು ಇಟ್ಟುಕೊಂಡೇ ಬೈದಿತಂತೆ!

ಒಂದು ದಿನ ಆಚೆಯ ಮುಸುವ ಬೇರೆ ಕಾಡು ಹುಡುಕಿಕೊಂಡು ಹೋಯಿತು. ಅಂದೇ ಹಲಸು ಬರುವುದೂ ನಿಂತಿತು. ಮೂರು ದಿನ ಕಾದ ಅಳಿಲು ತೋಪಿಗೇ ಹೋಯಿತು.

"ತಮ್ಮಾ, ನನ್ನ ಹಸಿವು ಹಾಗೇ ಇದೆಯಲ್ಲೋ."

"ಇದೆ ಅಕ್ಕಾ, ಇಲ್ಲವೆಂದವರು ಯಾರು?" ಎಂದಿತು ಮುಸುವ, ಹಣ್ಣು ಬಿಡಿಸುತ್ತಲೇ. "ಆದರೆ ಆಚೆ ದಡದಲ್ಲಿ ಯಾರೂ ಇಲ್ಲವಲ್ಲ."

ಮರಳಿ ಬಂದ ಅಳಿಲು ಪಿಕಳಾರವನ್ನು ಎಷ್ಟು ಕೂಗಿದರೂ ಅವಳು ಬರಲಿಲ್ಲ. ಈಗ ಅಳಿಲು ದಿನವಿಡೀ ಕೊಂಬೆಯ ತುದಿಯಲ್ಲಿ ಒಂಟಿಯಾಗಿ ಕೂತು, ಆ ವೈರಿ ಮುಸುವ ಯಾವಾಗ ವಾಪಸು ಬರುತ್ತದೋ ಎಂದು ಆಚೆ ದಡವನ್ನೇ ನೋಡುತ್ತಿರುತ್ತದೆ.