ಒರಳಿಗೆ ಬಿದ್ದ ಹನ್ನೊಂದನೆಯ ಪದ್ಯ

ಕಾವೇರಿ ಸಮುದ್ರ ಸೇರಲು ಇನ್ನೆರಡು ದಿನದ ದಾರಿ ಇದೆ ಎನ್ನುವಲ್ಲಿ ಪೊನ್ನಿಕರೆ ಎಂಬ ಊರಿತ್ತು. ವಿಷ್ಣುವನ್ನು ಅಲ್ಲಿ ಪೆರುಮಾಳ್ ಎನ್ನುತ್ತಾರೆ. ಆ ಪೆರುಮಾಳರ ದೇವಸ್ಥಾನದ ಪಾಕಶಾಲೆಯ ಹಿಂದೆ, ತೆಂಗಿನಗರಿಯ ಒಂದು ಚಪ್ಪರದಡಿ, ಪೂಜ್ಯ ಮಂಜಳಮ್ಮೈಯಾರ್ ಸ್ವಾಮಿಯ ಅಭಿಷೇಕಕ್ಕೆ ಅರಿಶಿನ ಕುಟ್ಟುತ್ತಿದ್ದರು. ಮಂಜಳ್ ಎಂದರೆ ತಮಿಳಿನಲ್ಲಿ ಅರಿಶಿನ. ಹೆತ್ತವರು ಇಟ್ಟ ಹೆಸರೇನೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಮಹಾತಾಯಿ ಉಪದೇಶ ಮಾಡಿದವರಲ್ಲ, ಮಠ ಕಟ್ಟಿದವರಲ್ಲ. ಹೊಳೆಯಲ್ಲಿ ಮಿಂದು ಬಂದು ಒನಕೆ ಹಿಡಿದರೆ ನೈವೇದ್ಯದ ಗಂಟೆಯಾಗುವವರೆಗೆ ಕೆಳಗಿಡುತ್ತಿರಲಿಲ್ಲ, ಅಷ್ಟೆ. ಒಂದು ಒರಳಿಗೆ ಇಬ್ಬರು ಎದುರುಬದುರು ನಿಂತು, ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಇಳಿಯುವಂತೆ ಕುಟ್ಟಬೇಕಾದ ಕೆಲಸ ಅದು. ಲಯ ತಪ್ಪಬಾರದೆಂದು ಹೆಂಗಸರು ಪೆರುಮಾಳರ ಮೇಲಿನ ಹಾಡು ಹೇಳಿಕೊಳ್ಳುತ್ತಿದ್ದರು.

ಅಂಥ ಚಪ್ಪರಕ್ಕೆ ಒಂದು ಬೆಳಗ್ಗೆ ಅರುಳಾಳ ನಂಬಿಗಳು ಬಂದರು. ಬಂದರು ಎನ್ನುವುದಕ್ಕಿಂತ ನುಗ್ಗಿದರು ಎಂದರೇ ಸರಿ. ಎಂಟು ದಿನ ನಡೆದು ಕಾಲು ಬಾತಿತ್ತು, ಕಣ್ಣು ಕೆಂಪಾಗಿತ್ತು, ಹೊಟ್ಟೆಯಲ್ಲಿ ಅನ್ನಕ್ಕಿಂತ ಸಿಟ್ಟೇ ಹೆಚ್ಚಿತ್ತು.

ಸಿಟ್ಟಿಗೆ ಕಾರಣ ಒಂದು ಹಾಡು. ನಂಬಿಗಳು ಕವಿ. ತಮಿಳು ಭಕ್ತಕವಿಗಳಲ್ಲಿ ಹತ್ತು ಪದ್ಯ ಕಟ್ಟಿ, ಹನ್ನೊಂದನೆಯದರಲ್ಲಿ ತನ್ನ ಹೆಸರು, ತಂದೆಯ ಹೆಸರು, ಊರಿನ ಹೆಸರು ಹೇಳಿ ಮುಗಿಸುವ ಪದ್ಧತಿಯುಂಟು. ನಂಬಿಗಳ ಹಾಡಿನಲ್ಲಿ ಒಬ್ಬ ಹುಡುಗಿ ಪೆರುಮಾಳರನ್ನು ಹುಡುಕಿಕೊಂಡು ಹೋಗುತ್ತಾಳೆ. ದೋಣಿಗಟ್ಟೆಯಲ್ಲಿ ಕೇಳುತ್ತಾಳೆ, ಮರಳದಿಬ್ಬದಲ್ಲಿ ಕೇಳುತ್ತಾಳೆ, ಕಬ್ಬಿನ ತೋಟದಲ್ಲಿ ಕೂಗುತ್ತಾಳೆ. ಹತ್ತನೆಯ ಪದ್ಯದಲ್ಲಿ ಜನ ಅವಳನ್ನು ತಡೆದು ನೀನು ಯಾರೇ ಎಂದರೆ, ಲೋಕ ಅಳೆದವಳು ನಾನು, ನೀರಾಗಿ ಹರಿದವಳು ನಾನು ಎಂದು, ತಾನೇ ಪೆರುಮಾಳ್ ಆದವಳಂತೆ ಹೇಳಿಬಿಡುತ್ತಾಳೆ. ಹನ್ನೊಂದನೆಯದು ಕುರುಂದೂರಿನ ಕರಿಯಮಾಣಿಕ್ಕನ ಮಗ ಅರುಳಾಳನು ಹಾಡಿದ್ದು ಇದು ಎಂದು ಮುಗಿಯುತ್ತದೆ.

ಆ ಕುರುಂದೂರು ಈಗ ಇರಲಿಲ್ಲ. ಮೂರು ವರ್ಷದ ಹಿಂದೆ ನಂಬಿಗಳು ಬೇರೆ ಊರಿಗೆ ಹೋಗಿದ್ದಾಗ ಹೊಳೆ ಉಕ್ಕಿ ಬಂದು ಊರನ್ನು ಬಳಿದುಕೊಂಡು ಹೋಗಿತ್ತು. ಅಕ್ಷರ ಕಲಿಸಿದ ತಂದೆಯೂ ಹೋದರು. ಮರಳಿ ಬಂದಾಗ ಬರೀ ಮರಳು. ಆ ಸಂಕಟದಲ್ಲೇ ಕಟ್ಟಿದ ಹಾಡು ಅದು. ಊರೂ ತಂದೆಯೂ ಭೂಮಿಯ ಮೇಲೆ ಇನ್ನೆಲ್ಲೂ ಉಳಿದಿರಲಿಲ್ಲ, ಹನ್ನೊಂದನೆಯ ಪದ್ಯದಲ್ಲಿ ಮಾತ್ರ ಉಳಿದಿದ್ದರು. ಹಾಡೇನೋ ಬಾಯಿಂದ ಬಾಯಿಗೆ ಹಬ್ಬಿತು. ಆದರೆ ನಂಬಿಗಳು ಕೇಳಿದಲ್ಲೆಲ್ಲ ಅದು ಹತ್ತಕ್ಕೇ ನಿಂತುಬಿಡುತ್ತಿತ್ತು! ಅಂಬಿಗರನ್ನು ಕೇಳಿದರೆ ಬುಟ್ಟಿ ಮಾರುವವರು ಕಲಿಸಿದರೆಂದರು, ಬುಟ್ಟಿಯವರು ಪೊನ್ನಿಕರೆಯ ಚಪ್ಪರ ತೋರಿಸಿದರು. ಅದರ ಮೇಲೆ ಹಿಂದಿನ ದಿನ ದಾರಿಯಲ್ಲಿ ಇನ್ನೊಂದು ಸುದ್ದಿ ಕಿವಿಗೆ ಬಿತ್ತು: ಇನ್ನು ಐದು ದಿನಕ್ಕೆ ಬರುವ ಮಹಾಭಿಷೇಕದಂದು ದೇವಸ್ಥಾನದ ಸಭೆಯವರು ಆ ಹಾಡನ್ನು ಗೋಡೆಯ ಮೇಲೆ ಕೆತ್ತಿಸುತ್ತಾರಂತೆ. ಹತ್ತೇ ಪದ್ಯ. ಕಲ್ಲಿನ ಮೇಲೆ ಹತ್ತಾದರೆ ಕುರುಂದೂರು ಎರಡನೆಯ ಸಲ ಮುಳುಗಿದಂತೆ.

"ನನ್ನ ಹಾಡಿನ ಬಾಲ ಕತ್ತರಿಸಿದೋರು ಯಾರು?" ಎಂದು ನಂಬಿಗಳು ಚಪ್ಪರದಲ್ಲೇ ಕೂಗಿದರು.

ಅಮ್ಮೈಯಾರ್ ಒನಕೆ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡರು. "ಹನ್ನೊಂದನೇದು ಒಂದು ಇದೆಯಾ ಸ್ವಾಮಿ? ನಮಗೆ ತಿಳೀದೇ ಹೋಯ್ತು. ಇಲ್ಲಿ ಹತ್ತು ಆಗ್ತಿದ್ದ ಹಾಗೇ ಮತ್ತೆ ಮೊದಲನೇದೇ ಬಂದುಬಿಡುತ್ತೆ. ಹೇಳಿಕೊಡಿ, ಕಲೀತೀವಿ."

ಜಗಳಕ್ಕೆಂದು ಎಂಟು ದಿನ ಸಿದ್ಧವಾಗಿ ಬಂದವರಿಗೆ ಜಗಳವೇ ಸಿಗಲಿಲ್ಲ. ನಂಬಿಗಳು ತಬ್ಬಿಬ್ಬಾಗಿ ಪದ್ಯ ಹೇಳಲು ಶುರುಮಾಡಿದರು. ಅಮ್ಮೈಯಾರರ ಎದುರು ಕುಟ್ಟುತ್ತಿದ್ದ ಪೊನ್ನಾಚ್ಚಿ ಬಾಯಿಜೋರಿನ ಹೆಂಗಸು. "ಹೀಗೆ ಉಪಾಧ್ಯಾಯರ ಥರ ನಿಂತು ಹೇಳಿದ್ರೆ ನಮ್ಮ ತಲೆಗೆ ಹತ್ತಲ್ಲ ಸ್ವಾಮಿ, ಕುಟ್ತಾ ಹೇಳಿ" ಎಂದು ತನ್ನ ಒನಕೆಯನ್ನೇ ಅವರ ಕೈಗೆ ಕೊಟ್ಟಳು.

ಕೊಟ್ಟಳಲ್ಲ, ಆಯಿತು ಫಜೀತಿ. ಹತ್ತು ಪದ್ಯದವರೆಗೆ ನಂಬಿಗಳು ಹೇಗೋ ಹೊಂದಿಕೊಂಡರು. ಹನ್ನೊಂದನೆಯದು ಬಂತೋ ಇಲ್ಲವೋ ಕೈ ಅವಸರಪಟ್ಟಿತು, ಕುರುಂದೂರು ಎನ್ನುವಷ್ಟರಲ್ಲಿ ಒನಕೆಗೆ ಒನಕೆ ಠಣ್ಣನೆ ಬಡಿದು ಅರಿಶಿನವೆಲ್ಲ ನೆಲದ ಪಾಲಾಯಿತು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮತ್ತೆ ಮೊದಲಿಂದ ಹೇಳಿದರು, ಮತ್ತೆ ಅಲ್ಲೇ ಬಡಿಯಿತು. ಮರುದಿನವೂ ಅದೇ ಕಥೆ. ಅಮ್ಮೈಯಾರ್ ಮಾತ್ರ ಚೆಲ್ಲಿದ್ದನ್ನು ಗೋರಿ ಬೇರೆ ಮೊರಕ್ಕೆ ಹಾಕಿ, ಅರಿಶಿನದ ಹೊಸ ಕೊಂಬು ಸುರಿದು, "ಹೇಳಿ ಸ್ವಾಮಿ" ಎನ್ನುತ್ತಿದ್ದರು. ಅವರಿಗೆ ಬೇಸರವೆಂಬುದೇ ಬರಲಿಲ್ಲ.

ನಂಬಿಗಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕುಟ್ಟುವುದು ಮುಗಿದರೆ ನಾಲ್ಕೂ ಬೀದಿ ಸುತ್ತುವರು, ಸುತ್ತಿ ಮತ್ತೆ ಗೋಡೆಯ ಬಳಿಗೇ ಬರುವರು. ಕಲ್ಲುಕುಟಿಗನು ಕೆಮ್ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದ. ಕೆಳಗೆ ಇನ್ನೊಂದು ಪದ್ಯಕ್ಕೆ ಜಾಗ ಬಿಡು ಎಂದು ಅವನನ್ನು ಕಾಡಿ ಬೇಡಿ ಬಿಡಿಸಿಕೊಂಡರು. ಸಭೆಯ ಹಿರಿಯರೂ ಒಪ್ಪಿ, ಅಭಿಷೇಕದ ದಿನ ಚಪ್ಪರಕ್ಕೇ ಬಂದು ಪದ್ಯ ಬರೆದುಕೊಳ್ಳುತ್ತೇವೆ ಎಂದರು. ಬೇಕಾದದ್ದೆಲ್ಲ ಕೈಗೆ ಬಂದಿತ್ತು. ಆದರೂ ಆ ಜೀವಕ್ಕೆ ನೆಮ್ಮದಿಯಿಲ್ಲ. ನನ್ನದೇ ಪದ್ಯ ನನ್ನ ಕೈಯಲ್ಲೇ ಏಕೆ ಮುಗ್ಗರಿಸುತ್ತದೆ ಎಂಬ ಮುಳ್ಳೊಂದು ಒಳಗೇ ಚುಚ್ಚುತ್ತಿತ್ತು.

ಮೂರನೆಯ ದಿನ ಒನಕೆ ಅಮ್ಮೈಯಾರರ ಮುಂಗೈಗೆ ಬಡಿಯಿತು.

ಕೈ ನೋಡನೋಡುತ್ತ ಊದಿಕೊಂಡಿತು. ನಂಬಿಗಳು ಒನಕೆ ಎಸೆದು ನೆಲಕ್ಕೆ ಕುಸಿದರು. ಪೊನ್ನಾಚ್ಚಿ ಈ ಸಲ ನಗಲಿಲ್ಲ. ಚೆಲ್ಲಿದ ಅರಿಶಿನದಲ್ಲೇ ಒಂದು ಚಿಟಿಕೆ ಕಲಸಿ ಹಚ್ಚಿ ಬಟ್ಟೆ ಕಟ್ಟಿದಳು. ಅಮ್ಮೈಯಾರ್ ನಂಬಿಗಳ ಮುಂದೆ ಬಂದು ಕುಳಿತರು.

"ಒಂದು ಮಾತು ಕೇಳ್ಲಾ ಸ್ವಾಮಿ? ಹತ್ತನೇ ಪದ್ಯದಲ್ಲಿ ನೀನು ಯಾರು ಅಂದ್ರೆ ಆ ಹುಡುಗಿ ತನ್ನ ಹೆಸರು ಹೇಳಲೇ ಇಲ್ವಲ್ಲ. ಆಮೇಲೆ ಬಂದೋರು ಯಾರು?"

"ನಮ್ಮಪ್ಪ!" ಎಂದರು ನಂಬಿಗಳು. "ನಮ್ಮಪ್ಪ ಬಂದ್ರು, ನಮ್ಮೂರು ಬಂತು. ಹೊಳೆ ನುಂಗಿದ ಮೇಲೆ ಅವರಿಗೆ ಬೇರೆ ಎಲ್ಲಿದೆ ಅಮ್ಮಾ ಜಾಗ? ಅದೊಂದು ಪದ್ಯ ಬಿಟ್ಟು ಎಲ್ಲಿದೆ?"

ಅಮ್ಮೈಯಾರರ ಕಣ್ಣಿಂದ ನೀರು ಇಳಿಯಿತು. ಮೆಲ್ಲಗೆ ಹೇಳಿದರು.

"ಹುಡುಗಿ ಒಳಗೆ ಹೋದಳು. ಅವರನ್ನ ಯಾಕಪ್ಪಾ ಬಾಗಿಲ ಹೊರಗೆ ನಿಲ್ಲಿಸಿದೆ?"

ಅಷ್ಟೇ ಮಾತು. ಮೂರು ದಿನ ಸ್ವಾಮಿ ಎಂದು ಬಹುವಚನದಲ್ಲಿ ಕರೆದ ತಾಯಿ ಅವತ್ತು ಅಪ್ಪಾ ಎಂದರು. ಆ ಮಾತು ನಂಬಿಗಳನ್ನು ಇನ್ನೂ ಒಂದು ದಿನ ಅಲೆಸಿತು. ಹೊಳೆಯ ತನಕ ಹೋದರು, ಬಂದರು. ನೀರಿನ ಕಡೆ ನೋಡಲು ಮೂರು ವರ್ಷದಿಂದ ಆಗದವರು ಮೊಣಕಾಲುದ್ದ ಇಳಿದು ನಿಂತರು. ನೀರಾಗಿ ಹರಿದವಳು ನಾನು ಎಂದು ಬರೆದದ್ದು ತಮ್ಮದೇ ಕೈ. ಬರೆಯುವಾಗ ಅದು ಯಾವ ನೀರು ಎಂದು ಯೋಚಿಸಿರಲಿಲ್ಲ. ಈಗ ಯೋಚಿಸಿದರು. ಅಪ್ಪನನ್ನು ಕೊಂಡೊಯ್ದ ನೀರೂ ಅದೇ.

ಅಭಿಷೇಕದ ದಿನ ಬೆಳಕು ಹರಿಯುವಾಗಲೇ ಚಪ್ಪರ ತುಂಬಿತ್ತು. ಅಮ್ಮೈಯಾರ್ ಬಟ್ಟೆ ಕಟ್ಟಿದ ಕೈಯಲ್ಲೇ ಒನಕೆ ಹಿಡಿದು ನಿಂತಿದ್ದರು. ಎದುರು ನಿಲ್ಲಲು ನಂಬಿಗಳಿಗೆ ಧೈರ್ಯವಾಗಲಿಲ್ಲ.

"ಬಾರಪ್ಪಾ. ಒನಕೆ ನೋಡಬೇಡ, ಒರಳು ನೋಡು."

ನಂಬಿಗಳು ಒರಳು ನೋಡಿದರು. ಹಾಡು ಎದ್ದಿತು. ದೋಣಿಗಟ್ಟೆ ಬಂತು, ಮರಳದಿಬ್ಬ ಬಂತು. ಆ ಮರಳು ಕುರುಂದೂರಿನದೇ ಎಂದು ನಂಬಿಗಳಿಗೆ ಈಗ ಹೊಳೆಯಿತು. ಅದರ ಮೇಲೆ ನಿಂತು ಹುಡುಗಿ ಕೂಗುತ್ತಿದ್ದರೆ ಅಪ್ಪನೂ ಅವಳ ದನಿಯಲ್ಲೇ ಕೂಗುತ್ತಿದ್ದರು. ಕಬ್ಬಿನ ತೋಟ ಬಂತು. ಹತ್ತನೆಯದು ಬಂತು. ನೀನು ಯಾರೇ ಎಂದರು ಹೆಂಗಸರೆಲ್ಲ. ಲೋಕ ಅಳೆದವಳು ನಾನು, ನೀರಾಗಿ ಹರಿದವಳು ನಾನು ಎಂದಿತು ಒಂದು ದನಿ. ಅದು ಅಮ್ಮೈಯಾರರದೋ ತಮ್ಮದೋ ನಂಬಿಗಳಿಗೆ ತಿಳಿಯಲಿಲ್ಲ. ಒನಕೆಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಮತ್ತೆ ದೋಣಿಗಟ್ಟೆ ಬಂತು. ಹೀಗೆ ಎಷ್ಟು ಸುತ್ತಾಯಿತೋ, ಒಂದು ಸಲವೂ ಬಡಿಯಲಿಲ್ಲ.

ಹೊತ್ತೇರಿದ ಮೇಲೆ ಸಭೆಯ ಹಿರಿಯರು ಕಲ್ಲುಕುಟಿಗನನ್ನು ಕರೆದುಕೊಂಡು ಬಂದರು. ಚಪ್ಪರದಲ್ಲಿ ಇದ್ದವರೆಲ್ಲ ತಲೆಗೂದಲಿಂದ ಪಾದದವರೆಗೆ ಹಳದಿ. ಗಂಡಸು ಯಾರು ಹೆಂಗಸು ಯಾರು ಎಂಬ ಗುರುತೂ ಸಿಗುವಂತಿರಲಿಲ್ಲ.

"ಇಲ್ಲಿ ಅರುಳಾಳ ನಂಬಿಗಳು ಯಾರಮ್ಮಾ?" ಎಂದು ಹಿರಿಯರು ಕೇಳಿದರು.

ಪೊನ್ನಾಚ್ಚಿ ಗದ್ದದಿಂದ ತೋರಿಸಿದಳು. ನಂಬಿಗಳು ಹಿಡಿದ ಸುತ್ತು ಮುಗಿಸಿ, ಒನಕೆಯನ್ನು ಒರಳಿಗೆ ಒರಗಿಸಿ ನಿಂತರು.

"ಹನ್ನೊಂದನೆಯದು ಹೇಳಿ ಸ್ವಾಮಿ, ಜಾಗ ಬಿಟ್ಟಿದೆ."

ಪದ್ಯ ನಂಬಿಗಳಿಗೆ ಮರೆತಿರಲಿಲ್ಲ. ಒಂದೊಂದು ಅಕ್ಷರವೂ ನಾಲಿಗೆಯ ತುದಿಯಲ್ಲಿತ್ತು. ಅಷ್ಟು ಹೊತ್ತಿಗೆ ಇಬ್ಬರು ಪರಿಚಾರಕರು ಕುಟ್ಟಿದ ಅರಿಶಿನದ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಗರ್ಭಗುಡಿಯ ಕಡೆ ಹೊರಟಿದ್ದರು. ನಂಬಿಗಳು ಬುಟ್ಟಿಯನ್ನೇ ನೋಡಿದರು. ಅದು ಹೊಸ್ತಿಲು ದಾಟುವವರೆಗೂ ನೋಡಿ, ಕೈ ಮುಗಿದರು.

"ಇತ್ತು ಸ್ವಾಮಿ. ಈಗ ಒಳಗೆ ಹೋಯ್ತು."

ಹಿರಿಯರು ಅಮ್ಮೈಯಾರರ ಮುಖ ನೋಡಿದರು. ಅವರು ಆಗಲೇ ಹೊಸ ಕೊಂಬು ಸುರಿಯುತ್ತಿದ್ದರು.

ಹಾಗಾದರೆ ನಂಬಿಗಳ ಹೆಸರು, ಅವರ ತಂದೆಯ ಹೆಸರು ನಮಗೆ ಹೇಗೆ ತಿಳಿಯಿತು ಎಂದು ಭಕ್ತರು ಕೇಳಬಹುದು. ಅದು ಪೊನ್ನಾಚ್ಚಿಯ ಉಪಕಾರ. ಮೂರು ದಿನ ಅರಿಶಿನ ಚೆಲ್ಲಿ ಕಲಿಸಿದ ಪದ್ಯವನ್ನು ಹೇಗೆ ಮರೀಲಿ ಎಂದು ಸಾಯುವ ತನಕ ಅದನ್ನು ಹೇಳಿಕೊಳ್ಳುತ್ತಿದ್ದಳಂತೆ. ನಂಬಿಗಳು ಮಾತ್ರ ಆ ಪದ್ಯವನ್ನು ಮತ್ತೆ ಹೇಳಲಿಲ್ಲ, ಚಪ್ಪರ ಬಿಟ್ಟೂ ಹೋಗಲಿಲ್ಲ. ಗೋಡೆಯ ಮೇಲೆ ಹತ್ತು ಪದ್ಯದ ಕೆಳಗೆ ಒಂದು ಪಟ್ಟಿ ಖಾಲಿ ಉಳಿಯಿತು. ಅಲ್ಲೇನಿತ್ತು ಎಂದು ಕೇಳಿಕೊಂಡು ಬಂದವರ ಕೈಗೆ ನಂಬಿಗಳು ಒನಕೆ ಕೊಡುತ್ತಿದ್ದರು.