ಅಲಾರಮ್ಮಿನ ಕಣ್ಣಿಗೆ ಕುಂಕುಮ

ಆಗಿನ್ನೂ ನಮ್ಮ ರೇಷ್ಮೆ ಸೊಸೈಟಿಯ ಗೋದಾಮಿಗೆ ಕ್ಯಾಮೆರಾ ಬಂದಿರಲಿಲ್ಲ. ಬಾಗಿಲ ಪಕ್ಕ ಗಾಜಿನ ಕಣ್ಣಿನ ಅಲಾರಂ ಒಂದಿತ್ತು. ಎದುರು ಯಾರಾದರೂ ಹಾದರೆ ಕಿರುಚುತ್ತಿತ್ತು. ಆಯುಧಪೂಜೆಯ ದಿನ ಕಾರ್ಯದರ್ಶಿ ಷಡಕ್ಷರಯ್ಯನವರು ಆ ಕಣ್ಣಿಗೇ ಢಾಳಾಗಿ ಕುಂಕುಮ ಮೆತ್ತಿದರು. ಅಲಾರಂ ಮೂಕವಾಯಿತು.

ಮರುದಿನ ರಿಪೇರಿಯ ಮರಿಯಣ್ಣ ಬಂದು ನೋಡಿದ. "ಕಣ್ಣು ಒರೆಸಿದ್ರೆ ಸರಿಹೋಗ್ತದೆ, ಸಾಹೇಬ್ರೆ."

"ನಾನಿಟ್ಟ ಕುಂಕುಮ ಅಳಿಸ್ತೀಯೇನೋ? ಅಪಶಕುನ! ಅಳಿಸಕೂಡದು, ಅಲಾರಂ ಈಗಲೇ ಕೂಗಬೇಕು. ಇಲ್ಲಾಂದ್ರೆ ನಾಳೆಯಿಂದ ಈ ಕಡೆ ತಲೆ ಹಾಕಬೇಡ!"

ಮರಿಯಣ್ಣ ಚಪ್ಪಲಿ ಬಿಟ್ಟು, ಕೈ ತೊಳೆದು, ಅಲಾರಮ್ಮಿಗೆ ಕೈ ಮುಗಿದ. "ಹಾಗಾದ್ರೆ ಪ್ರಸಾದ ತಗೊಳ್ಳಿ" ಎಂದು ಆ ಕಣ್ಣಿನ ಕುಂಕುಮವನ್ನೇ ಬೆರಳಲ್ಲಿ ತೆಗೆದು ಅವರ ಹಣೆಗಿಟ್ಟ. ಪ್ರಸಾದ ಬೇಡ ಅನ್ನಲು ಯಾರಿಗಾದರೂ ಬಾಯಿ ಬಂದೀತೆ? ಅವರು ಭಕ್ತಿಯಿಂದ ತಲೆಬಾಗಿದರು. ಹಿಂದೆಯೇ ನಾವು ಹನ್ನೊಂದು ಜನ ಸಾಲು ನಿಂತೆವು. ಕೊನೆಯವನ ಹಣೆ ತುಂಬುವ ಹೊತ್ತಿಗೆ ಗಾಜು ಫಳಫಳ ಹೊಳೆಯುತ್ತಿತ್ತು.

ಷಡಕ್ಷರಯ್ಯನವರು ಗತ್ತಿನಿಂದ ಒಂದು ಹೆಜ್ಜೆ ಇಟ್ಟರು. ಅಲಾರಂ ಕಿಟಾರನೆ ಕಿರುಚಿತು. ಅವರು ಬೆಚ್ಚಿ ಮರಿಯಣ್ಣನನ್ನೇ ತಬ್ಬಿಕೊಂಡರು.

"ಅಳಿಸಿಲ್ಲ, ಸಾಹೇಬ್ರೆ. ಹಂಚಿದೆ, ಅಷ್ಟೆ."

ಈಗ ಗೋದಾಮಿನ ತುಂಬ ಕ್ಯಾಮೆರಾ. ಆಯುಧಪೂಜೆಗೆ ಕುಂಕುಮವನ್ನು ಅವುಗಳ ಬೆನ್ನಿಗೆ ಇಡುತ್ತೇವೆ. ನಮ್ಮ ಹಣೆ ಮಾತ್ರ ಇನ್ನೂ ಮರಿಯಣ್ಣನ ಬೆರಳಿಗೆ ಕಾಯುತ್ತದೆ.