ಮರಿಜಟ್ಟಿಯ ನಡುಪಟ್ಟಿ

ಬೆಟ್ಟಗಳ ನಡುವಿನ ಒಂದು ರಾಜ್ಯದಲ್ಲಿ ನಂಜಾಜಮ್ಮ ಎಂಬಾಕೆ ಇದ್ದಳು, ಮಕ್ಕಳೇ. ಅರಮನೆಯ ಸಾರೋಟುಗಳ ಉಸ್ತುವಾರಿ ಅವಳದು. ಅವಳ ಮುತ್ತಜ್ಜ, ಅಜ್ಜ, ಅಪ್ಪ ಎಲ್ಲರೂ ಅದೇ ಕೆಲಸ ಮಾಡಿದವರು. ಆ ಮನೆತನದ ಕಾಲದಲ್ಲಿ ಒಬ್ಬ ಸಾರಥಿಯೂ ಸಾರೋಟಿನಿಂದ ಬಿದ್ದು ಸತ್ತಿರಲಿಲ್ಲ. ನಂಜಾಜಮ್ಮನಿಗೆ ಅದೇ ಒಡವೆ, ಅದೇ ಆಸ್ತಿ.

ಸಾರಥಿಯಾದವನು ಪೀಠದ ಹಳದಿ ಪಟ್ಟಿಯನ್ನು ಹೊಟ್ಟೆಯ ಮೇಲೆ ಬಿಗಿದುಕೊಂಡೇ ಹೊರಡಬೇಕು. ಇದು ಅವಳ ಕಟ್ಟಪ್ಪಣೆ.

ಹಿರಿಯ ಸಾರಥಿ ಮರಿಜಟ್ಟಿಗೆ ತನ್ನ ಗಂಜಿ ಹಾಕಿದ ಬಿಳಿ ಅಂಗಿಯ ಮೇಲೆ ಬಲು ಮೋಹ. "ಪಟ್ಟಿ ಬಿಗಿದರೆ ಅಂಗಿ ಮುದುಡುತ್ತೆ. ನಾನೇನು ತೊಟ್ಟಿಲ ಕೂಸೇ?" ಎನ್ನುತ್ತಿದ್ದ.

ನಂಜಾಜಮ್ಮ ಹೆಬ್ಬಾಗಿಲಲ್ಲಿ ಕಾವಲಿಟ್ಟಳು. ಮರಿಜಟ್ಟಿ ಹೆಬ್ಬಾಗಿಲಲ್ಲಿ ಕಟ್ಟಿದ, ತಿರುವಿನಲ್ಲಿ ಬಿಚ್ಚಿದ.

ನಂಜಾಜಮ್ಮ ಪೀಠಕ್ಕೆ ಗಂಟೆ ಕಟ್ಟಿಸಿದಳು. ಪಟ್ಟಿಯ ಕೊಂಡಿ ಹಾಕುವವರೆಗೆ ಅದು ಬಡಿದುಕೊಳ್ಳುತ್ತಿತ್ತು. ಮರಿಜಟ್ಟಿ ತಿರುವು ದಾಟಿದ ಮೇಲೆ ಪಟ್ಟಿಯನ್ನು ಬೆನ್ನ ಹಿಂದೆ ಹಾಯಿಸಿ ಕೊಂಡಿ ಹಾಕಿದ. ಅದಕ್ಕೇ ಒರಗಿ ಕೂತ. ಗಂಟೆ ಸುಮ್ಮನಾಯಿತು.

ಒಂದು ದಿನ ಘಟ್ಟದಲ್ಲಿ ಚಕ್ರ ಕಲ್ಲಿಗೆ ಬಡಿದು ಮರಿಜಟ್ಟಿ ಪೀಠದಿಂದ ಹಾರಿದ. ಲಗಾಮು ಹಿಡಿದು ನೇತಾಡಿ ಹೇಗೋ ಉಳಿದ. ಹಿಂದಿನ ಸಾರೋಟಿನಲ್ಲಿದ್ದ ನಂಜಾಜಮ್ಮ ಅದನ್ನು ಕಂಡು, ಇವನು ಪಟ್ಟಿ ಬಿಗಿದಿರಲಿಲ್ಲವೆಂದು ಸಭೆಯಲ್ಲಿ ದೊರೆಗೆ ದೂರು ಕೊಟ್ಟಳು.

"ಗಂಟೆ ಬಡಿದುಕೊಂಡಿತೇ, ಮಹಾಪ್ರಭು? ಇಲ್ಲ! ಈ ಅಮ್ಮನಿಗೆ ಕಣ್ಣು ಮಂಜಾಗಿದೆ. ಆ ಮನೆತನಕ್ಕೆ ಈ ಕೆಲಸ ಇನ್ನು ಸಾಕು ಮಾಡಿ," ಎಂದ ಮರಿಜಟ್ಟಿ.

ದೊರೆ ಯೋಚಿಸಿದ. "ನಾಳೆ ಸಂಜೆಯೊಳಗೆ ರುಜುವಾತು ತೋರಿಸಿ, ನಂಜಾಜಮ್ಮ. ಇಲ್ಲವಾದರೆ ಲಾಯದ ಬೀಗದಕೈ ಒಪ್ಪಿಸಿ."

ಬೆಳಗ್ಗೆ ನಂಜಾಜಮ್ಮ ತಾನೇ ಅರಿಶಿನ ಕಲಸಿದಳು. ಎಲ್ಲ ಪಟ್ಟಿಗಳ ಹೊರಮೈಗೆ ಬಳಿದಳು. ಹಳದಿಯ ಮೇಲೆ ಹಳದಿ, ಯಾರಿಗೂ ಕಾಣಲಿಲ್ಲ.

ಸಂಜೆ, ದಿನವಿಡೀ ಸಾರೋಟು ಓಡಿಸಿ ಬಂದ ಸಾರಥಿಗಳೆಲ್ಲ ಸಭೆಯಲ್ಲಿ ದೊರೆಯ ಮುಂದೆ ಸಾಲಾಗಿ ನಿಂತರು.

"ಬೆನ್ನು ತಿರುಗಿಸಿ," ಎಂದಳು ನಂಜಾಜಮ್ಮ.

ಉಳಿದವರೆಲ್ಲರ ಅಂಗಿಯ ಬೆನ್ನು ಬೆಳ್ಳಗಿತ್ತು. ಮರಿಜಟ್ಟಿಯ ಬೆನ್ನಿಗೆ ಮಾತ್ರ ಅಡ್ಡಲಾಗಿ ಹಳದಿ ಪಟ್ಟೆ!

"ಏನ್ ಜಟ್ಟಣ್ಣ, ಮದುವೆ ಅರಿಶಿನ ಹಚ್ಚಿಸ್ಕೊಂಡು ಬಂದ್ಯಾ?" ಎಂದು ಯಾರೋ ಕೂಗಿದರು. ಸಭೆ ಬಿದ್ದು ಬಿದ್ದು ನಕ್ಕಿತು.

"ಹೊಟ್ಟೆಯ ಮೇಲೆ ಬಿಗಿದವನಿಗೆ ಪಟ್ಟಿಯ ಹೊರಮೈ ತಾಕುವುದಿಲ್ಲ, ಪ್ರಭು. ಬೆನ್ನ ಹಿಂದೆ ಹಾಯಿಸಿ ಒರಗಿ ಕೂತವನಿಗೆ ತಾಕುತ್ತದೆ," ಎಂದಳು ನಂಜಾಜಮ್ಮ.

ಪಟ್ಟಿ ಬಿಗಿಯುವುದು ಕಾವಲಿನವರನ್ನು ಮೆಚ್ಚಿಸಲು ಅಲ್ಲ ಮಕ್ಕಳೇ, ನಮ್ಮ ಜೀವ ಉಳಿಸಿಕೊಳ್ಳಲು. ಕಾವಲಿಗೆ ಮೋಸ ಮಾಡಿದವನು ತನಗೇ ಮೋಸ ಮಾಡಿಕೊಂಡಂತೆ.

ದೊರೆ ಮೆಚ್ಚಿ ಚಿನ್ನದ ಬಳೆ ತರಿಸಿದ. ನಂಜಾಜಮ್ಮ ಅದರತ್ತ ನೋಡಲೂ ಇಲ್ಲ. ಸೆರಗು ಸರಿಪಡಿಸಿಕೊಂಡು ನೆಟ್ಟಗೆ ನಿಂತಳು.

"ಬಳೆ ಬೇಡ, ಮಹಾಪ್ರಭು. ಇವನು ನನ್ನ ಮನೆತನದ ಮಾತೆತ್ತಿದ್ದು ಈ ಸಭೆಯಲ್ಲಿ. ಈ ಸಭೆಯಲ್ಲೇ, ಈಗಲೇ, ಕ್ಷಮೆ ಕೇಳಬೇಕು."